ಶಿಕ್ಷೆ ಆದವರು ಚುನಾವಣೆಗೆ ನಿಲ್ಲಬಾರದು ಅನ್ನುವ ಮುಂಚೆ ಯಾವ ಸೆಕ್ಷನ್ ಅಂತ ಕೇಳಿ

ನಿಮ್ಮ ಕ್ಷೇತ್ರದಲ್ಲಿ ಟಿಕೆಟ್‌ಗೆ ಓಡಾಡುತ್ತಿರುವವರಿಗೆ ಹಳೇ ಕೇಸೊಂದರಲ್ಲಿ ಶಿಕ್ಷೆ ಆಗಿದೆ, ಇಂಥವರಿಗೆ ಜೀವನ ಪೂರ್ತಿ ಚುನಾವಣೆಗೆ ನಿಲ್ಲದ ಹಾಗೆ ಮಾಡಬೇಕಲ್ವಾ ಅಂತ ಕೇಳಿದ್ದೀರಿ. ನೀವು ಹೇಳುವ "ಇಂಥವರ" ಪಟ್ಟಿಯಲ್ಲಿ ನಾನೂ ಇದ್ದೇನೆ. ಮಂಡ್ಯ ಜಿಲ್ಲೆಯವನು, ಕಬ್ಬು, ಭತ್ತ ಬೆಳೆಯುತ್ತೇನೆ. 2023ರ ವಿಧಾನಸಭಾ ಚುನಾವಣೆಗೆ ಪಕ್ಷೇತರನಾಗಿ ನಾಮಪತ್ರ ಹಾಕಿದ್ದೆ. ಕೋರ್ಟಿನ ಕಾಗದದಲ್ಲಿ ನಾನು ಅಪರಾಧಿ.

2012ರಲ್ಲಿ ಮಳೆ ಕೈಕೊಟ್ಟಿತ್ತು. ತಮಿಳುನಾಡಿಗೆ ದಿನಕ್ಕೆ 9,000 ಕ್ಯೂಸೆಕ್ ಬಿಡಿ ಅಂತ ಕಾವೇರಿ ನದಿ ಪ್ರಾಧಿಕಾರ ಹೇಳಿತು. ಸುಪ್ರೀಂ ಕೋರ್ಟೂ ಬಿಡಲೇಬೇಕು ಅಂದಿತು. ನಮ್ಮದು ನಾಲೆಯ ಕೊನೇ ಭಾಗ. ಒಳ್ಳೇ ವರ್ಷದಲ್ಲೂ ನಮಗೆ ನೀರು ಬರುವುದು ಮೇಲಿನವರ ಗದ್ದೆ ತುಂಬಿದ ಮೇಲೆ. ಆ ವರ್ಷ ನಾಟಿ ಮಾಡಿದ ಪೈರು ಕಣ್ಣೆದುರೇ ಒಣಗುತ್ತಿತ್ತು. ಊರಿನವರೆಲ್ಲ ಹೋಗಿ ಬೆಂಗಳೂರು-ಮೈಸೂರು ಹೆದ್ದಾರಿಗೆ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಿ ಕೂತೆವು. ಕಲ್ಲು ಹೊಡೆಯಲಿಲ್ಲ, ಬಸ್ಸಿಗೆ ಬೆಂಕಿ ಹಚ್ಚಲಿಲ್ಲ. ಎಫ್‌ಐಆರ್ ಆಯಿತು. ಅಕ್ರಮ ಕೂಟ, ಗಲಭೆ, ದಾರಿ ತಡೆದಿದ್ದು, ಅಂದರೆ ಆಗಿನ ಐಪಿಸಿ 143, 147, 341, 283. ಆರೋಪಿಗಳ ಪಟ್ಟಿಯ ಕೊನೆಯಲ್ಲಿ "ಮತ್ತು ಇತರರು".

ಆಮೇಲೆ ಶುರುವಾಗಿದ್ದು ವಾಯಿದೆ. ಕೋರ್ಟಿಗೆ ಹೋದ ದಿನ ಹೊಲದ ಕೆಲಸ ಇಲ್ಲ. ಹೋಗದಿದ್ದರೆ ವಾರಂಟ್. ಕೂಲಿ ಮಾಡುವವರೂ ನಮ್ಮ ಜೊತೆ ಆರೋಪಿಗಳಾಗಿದ್ದರು, ಅವರ ಪಾಡು ಕೇಳಲೇಬೇಡಿ. ಒಂದು ದಿನ ನ್ಯಾಯಾಧೀಶರು ತಪ್ಪು ಒಪ್ಪಿಕೊಳ್ಳುತ್ತೀರಾ ಅಂತ ಕೇಳಿದರು. ನಾನು ಮತ್ತು ಇನ್ನು ಕೆಲವರು ಹೌದು ಅಂದೆವು. ರಸ್ತೆಯಲ್ಲಿ ಕೂತಿದ್ದು ನಿಜ, ಕೂತಿಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಆ ಮಾತಿಗೆ ನನಗೆ ಇವತ್ತಿಗೂ ಬೇಸರ ಇಲ್ಲ. ದಂಡ ಹಾಕಿದರು. ಕಟ್ಟಿ, ರಸೀದಿ ಅಂಗಿ ಜೇಬಿಗೆ ಇಟ್ಟುಕೊಂಡು ಊರಿಗೆ ಬಂದೆ.

ಒಪ್ಪದೇ ಉಳಿದವರ ಕೇಸು ಮುಂದೆ ನಡೆಯಿತು. ಸಾಕ್ಷಿ ಹೇಳಬೇಕಾದವರು ಯಾರನ್ನೂ ಗುರುತಿಸಲಿಲ್ಲ. ಎಲ್ಲರೂ ಖುಲಾಸೆ. ಅದೇ ರಸ್ತೆ, ಅದೇ ಟ್ರ್ಯಾಕ್ಟರ್, ಅದೇ ಎಫ್‌ಐಆರ್. ಕೂತಿದ್ದೆ ಅಂದವನಿಗೆ ಶಿಕ್ಷೆ, ಕೂತಿರಲಿಲ್ಲ ಅಂದವರು ನಿರಪರಾಧಿಗಳು. "ಶಿಕ್ಷೆ ಆದವರು" ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಒಬ್ಬ ರೌಡಿ ಬರುತ್ತಾನಲ್ಲ, ಅಲ್ಲೇ ನನ್ನ ತಕರಾರು.

ಈಗ 2023ಕ್ಕೆ ಬರುತ್ತೇನೆ. ನಮ್ಮ ರೈತರ ಗುಂಪು ನನ್ನನ್ನು ನಿಲ್ಲು ಅಂದಿತು. ಪಕ್ಷೇತರನಿಗೆ ಹತ್ತು ಜನ ಸೂಚಕರು ಬೇಕು, ಹತ್ತು ಸಾವಿರ ಠೇವಣಿ ಬೇಕು. ಅದೆಲ್ಲ ಆಯಿತು. ಉಳಿದಿದ್ದು ನಮೂನೆ 26, ನೋಟರಿ ಮುಂದೆ ಮಾಡಿಸುವ ಅಫಿಡವಿಟ್. ಆಸ್ತಿ, ಸಾಲ, ಓದು, ಜೊತೆಗೆ ಕೇಸುಗಳ ವಿವರ. ಹಿಂದೆ ಇದರಲ್ಲಿ ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಜೈಲಾಗಿದ್ದನ್ನು ಹೇಳಿದರೆ ಸಾಕಿತ್ತು. 2018ರ ಅಕ್ಟೋಬರ್‌ನಲ್ಲಿ ನಮೂನೆ ಬದಲಾಯಿತು. ಈಗ ಯಾವುದೇ ಅಪರಾಧಕ್ಕೆ ಶಿಕ್ಷೆ ಆಗಿದ್ದರೂ ಬರೆಯಬೇಕು. ಕೇಸ್ ನಂಬರ್, ಕೋರ್ಟಿನ ಹೆಸರು, ಸೆಕ್ಷನ್, ಆದೇಶದ ತಾರೀಕು, ಏನು ಶಿಕ್ಷೆ, ಅಪೀಲು ಹೋಗಿದ್ದೀರಾ, ಎಲ್ಲಕ್ಕೂ ಒಂದೊಂದು ಕಾಲಂ.

ನನ್ನ ಹತ್ತಿರ ತೀರ್ಪಿನ ಕಾಪಿ ಇರಲಿಲ್ಲ. ದಂಡ ಕಟ್ಟಿದ ದಿನವೇ ಆ ಕಥೆ ಮುಗಿಯಿತು ಅಂದುಕೊಂಡಿದ್ದೆ. ರಸೀದಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಕೇಸ್ ನಂಬರ್ ನೆನಪಿಲ್ಲ, ಆದೇಶದ ತಾರೀಕು ನೆನಪಿಲ್ಲ. ನಾಮಪತ್ರಕ್ಕೆ ಏಪ್ರಿಲ್ 20 ಕೊನೇ ದಿನ, ನಾವು ಹೋಗಿದ್ದೂ ಅವತ್ತೇ. ಟೈಪ್ ಮಾಡುತ್ತಿದ್ದ ಹುಡುಗ ಆ ಕಾಲಂ ಹತ್ತಿರ ಬಂದು ನನ್ನ ಮುಖ ನೋಡಿದ. "ಬಿಡು, ಕಾಪಿ ತಂದ ಮೇಲೆ ತುಂಬೋಣ" ಅಂದೆ. ಖಾಲಿ ಬಿಟ್ಟೆವು.

ಹಾಗೆ ಯಾಕೆ ಮಾಡಿದೆ ಅಂತ ಬಿಡಿಸಿ ಹೇಳಬೇಕು, ಏಕೆಂದರೆ ಇದೇ ತಪ್ಪನ್ನು ಬೇರೆಯವರೂ ಮಾಡುವುದನ್ನು ಆಮೇಲೆ ನೋಡಿದ್ದೇನೆ. ಅಫಿಡವಿಟ್‌ನಲ್ಲಿ ಸುಳ್ಳು ಬರೆದರೆ ಜನಪ್ರತಿನಿಧಿ ಕಾಯ್ದೆಯ 125ಎ ಪ್ರಕಾರ ಆರು ತಿಂಗಳವರೆಗೆ ಜೈಲಾಗಬಹುದು ಅಂತ ನನಗೆ ಗೊತ್ತಿತ್ತು. ಅಂದಾಜಿನ ಮೇಲೆ ತಾರೀಕು ಬರೆದು, ಅದು ತಪ್ಪಾಗಿ, ಎದುರಾಳಿಗಳು ಸುಳ್ಳು ಅಫಿಡವಿಟ್ ಅಂತ ಎಳೆದರೆ? ಮೊದಲೇ ಒಂದು ಶಿಕ್ಷೆ ಆಗಿದೆ, ಇನ್ನೊಂದು ಯಾಕೆ ಅನ್ನುವ ಹೆದರಿಕೆ. ತಪ್ಪು ಬರೆಯುವುದಕ್ಕಿಂತ ಖಾಲಿ ಬಿಡುವುದು ವಾಸಿ ಅಂದುಕೊಂಡೆ. ಕಾನೂನು ಇರುವುದು ಇದಕ್ಕೆ ತದ್ವಿರುದ್ಧ. 2013ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಿಸರ್ಜೆನ್ಸ್ ಇಂಡಿಯಾ ಕೇಸಿನಲ್ಲಿ ಹೇಳಿದ್ದು ಇಷ್ಟು: ಮತದಾರನಿಗೆ ತಿಳಿದುಕೊಳ್ಳುವ ಹಕ್ಕಿದೆ, ಖಾಲಿ ಕಾಲಂ ಬಿಟ್ಟರೆ ಆ ಹಕ್ಕಿಗೆ ಅರ್ಥವೇ ಇಲ್ಲ, ತುಂಬಿ ಅಂತ ತಿಳಿಸಿದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದು. ಸುಳ್ಳು ಬರೆದಿದ್ದಾರೆ ಅನ್ನುವ ಕಾರಣಕ್ಕೆ ಮಾತ್ರ ನಾಮಪತ್ರ ತಿರಸ್ಕಾರ ಆಗುವುದಿಲ್ಲ. ಅದಕ್ಕೆ ಬೇರೆ ಕೇಸು ಹಾಕಬೇಕು, ಅದು ನಡೆಯಬೇಕು. ಅಷ್ಟರಲ್ಲಿ ಚುನಾವಣೆ ಮುಗಿದು, ಗೆದ್ದವರು ಪ್ರಮಾಣವಚನ ತೆಗೆದುಕೊಂಡಿರುತ್ತಾರೆ.

ನಾಮಪತ್ರ ತೆಗೆದುಕೊಂಡಾಗ ಒಂದು ಚೆಕ್‌ಲಿಸ್ಟ್ ಕೊಟ್ಟರು. ಅದರಲ್ಲಿ ಅಫಿಡವಿಟ್‌ನ ಈ ಭಾಗ ಅಪೂರ್ಣ, ನಾಳೆ ಪರಿಶೀಲನೆ ಶುರುವಾಗುವ ಮೊದಲು ಹೊಸದು ಕೊಡಿ ಅಂತ ಬರೆದಿತ್ತು. ನಾನು ಸಹಿ ಹಾಕಿ ತೆಗೆದುಕೊಂಡೆ. ಅಲ್ಲಿಂದ ಹೋಗಿದ್ದು ಎಲ್ಲಿಗೆ? ಕೋರ್ಟಿಗೆ, ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕೋಕೆ. ಹಳೇ ಫೈಲು ರೆಕಾರ್ಡ್ ರೂಮಿನಿಂದ ಬರಬೇಕು, ನಕಲು ತೆಗೆಯಬೇಕು, ಸೀಲು ಬೀಳಬೇಕು. ಒಂದು ಸಂಜೆಯಲ್ಲಿ ಆಗುವ ಕೆಲಸ ಅಲ್ಲ ಅದು. ನಾನು ಮಾಡಬೇಕಾಗಿದ್ದೇ ಬೇರೆ. ಪೊಲೀಸ್ ಠಾಣೆಗೆ ಹೋಗಿದ್ದರೆ ಎಫ್‌ಐಆರ್ ನಂಬರ್ ಸಿಗುತ್ತಿತ್ತು. ಮೊಬೈಲಲ್ಲಿ ಕೋರ್ಟ್ ಕೇಸುಗಳ ವಿವರ ಸಿಗುವ ಇ-ಕೋರ್ಟ್ಸ್ ವೆಬ್‌ಸೈಟ್ ತೆಗೆದು ನನ್ನ ಹೆಸರು ಹಾಕಿ ಹುಡುಕಿದ್ದರೆ ಕೇಸ್ ನಂಬರ್, ತಾರೀಕು ಅಲ್ಲೇ ಇತ್ತು, ಆಮೇಲೆ ನೋಡಿದೆ. ಏನೂ ಸಿಗದಿದ್ದರೂ, ಗೊತ್ತಿರುವಷ್ಟು ಬರೆದು, ದಂಡ ಕಟ್ಟಿದ್ದೇನೆ, ಕಾಪಿಗೆ ಅರ್ಜಿ ಹಾಕಿದ್ದೇನೆ ಅಂತ ಸೇರಿಸಿ ಹೊಸ ಅಫಿಡವಿಟ್ ಕೊಡಬಹುದಿತ್ತು. ಖಾಲಿ ಅನ್ನುವ ಮಾತೇ ಬರುತ್ತಿರಲಿಲ್ಲ. ನಾನು ಕಾಗದಕ್ಕಾಗಿ ಓಡಿದೆ, ಕಾಲಂ ತುಂಬಲಿಲ್ಲ.

ಮಾರನೇ ದಿನ ಬೆಳಿಗ್ಗೆ 11ಕ್ಕೆ ಪರಿಶೀಲನೆ. ನನ್ನ ಸರದಿ ಬಂತು, ಹೊಸ ಅಫಿಡವಿಟ್ ಇದೆಯಾ ಅಂತ ಕೇಳಿದರು, ಇಲ್ಲ ಅಂದೆ. ತಿರಸ್ಕಾರ. ಅಧಿಕಾರಿ ಮಾಡಿದ್ದು ಕಾನೂನಿನ ಪ್ರಕಾರ ಸರಿ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆಮೇಲೆ ಠೇವಣಿ ವಾಪಸ್ ಬಂತು. ಸೂಚಕರಾಗಿ ಸಹಿ ಹಾಕಿದ ಹತ್ತು ಜನರ ಮುಖ ನೋಡುವುದೇ ಕಷ್ಟ ಆಗಿತ್ತು. ಅವರಲ್ಲಿ ಒಬ್ಬರು ವಯಸ್ಸಾದವರು, ಹೆದ್ದಾರಿಯಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದವರು. "ನಾವೂ ದಂಡ ಕಟ್ಟಿದೀವಲ್ಲಪ್ಪಾ, ನಮಗೆ ಓಟು ಹಾಕೋಕಾದ್ರೂ ಬಿಡ್ತಾರಾ?" ಅಂತ ಕೇಳಿದರು. ಅವರು ನಿಜವಾಗಿ ಹೆದರಿದ್ದರು. ಓಟಿಗೇನೂ ತೊಂದರೆ ಇಲ್ಲ ಅಂತ ಕೂತು ವಿವರಿಸಬೇಕಾಯಿತು.

ಅವತ್ತು ನನ್ನೆದುರೇ ಹಲವು ಬಾಕಿ ಕೇಸುಗಳಿದ್ದ ಒಬ್ಬರ ಅಫಿಡವಿಟ್ ಪಾಸಾಯಿತು. ಎಲ್ಲವನ್ನೂ ವಕೀಲರು ಅಚ್ಚುಕಟ್ಟಾಗಿ ಟೈಪ್ ಮಾಡಿಸಿದ್ದರು. ಶಿಕ್ಷೆಯ ಕಾಲಂನಲ್ಲಿ ಏನೂ ಇಲ್ಲ ಅಂತ ಇತ್ತು. ಕೇಸು ಮುಗಿಯದಿದ್ದರೆ ಶಿಕ್ಷೆ ಎಲ್ಲಿಂದ ಬರಬೇಕು?

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. 2024ರ ಲೋಕಸಭೆಗೆ ಗೆದ್ದ 543 ಜನರಲ್ಲಿ 251 ಜನ ತಮ್ಮ ಮೇಲೆ ಕ್ರಿಮಿನಲ್ ಕೇಸಿದೆ ಅಂತ ತಾವೇ ಬರೆದುಕೊಟ್ಟಿದ್ದಾರೆ ಅಂತ ಅಭ್ಯರ್ಥಿಗಳ ಅಫಿಡವಿಟ್‌ಗಳನ್ನು ತಾಳೆ ನೋಡುವ ಎಡಿಆರ್ ಸಂಸ್ಥೆಯ ಲೆಕ್ಕ ಹೇಳುತ್ತದೆ. ನೀವು ಕೇಳುವ ಆಜೀವ ನಿಷೇಧ ನಾಳೆಯೇ ಬಂದರೂ ಇವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಅವರದು ವಿಚಾರಣೆಯಲ್ಲೇ ಇದೆ. ಓಬಳಾಪುರಂ ಗಣಿ ಕೇಸನ್ನೇ ನೋಡಿ. ಸಿಬಿಐ ಅದನ್ನು ದಾಖಲಿಸಿದ್ದು 2009ರಲ್ಲಿ. ಜನಾರ್ದನ ರೆಡ್ಡಿಗೆ ಹೈದರಾಬಾದ್ ಕೋರ್ಟ್ ಏಳು ವರ್ಷ ಶಿಕ್ಷೆ ಹಾಕಿದ್ದು 2025ರ ಮೇ ತಿಂಗಳಲ್ಲಿ. ನಡುವೆ ಅವರು ಹೊಸ ಪಕ್ಷ ಕಟ್ಟಿದರು, ಗಂಗಾವತಿಯಲ್ಲಿ ಗೆದ್ದರು. ಶಿಕ್ಷೆ ಆದ ಮುಂದಿನ ತಿಂಗಳೇ ತೆಲಂಗಾಣ ಹೈಕೋರ್ಟ್ ಅದನ್ನು ಅಮಾನತಿನಲ್ಲಿಟ್ಟಿತು. ಕೊನೆಗೆ ಅವರು ತಪ್ಪಿತಸ್ಥರೋ ಅಲ್ಲವೋ ಮೇಲಿನ ಕೋರ್ಟ್ ಹೇಳಲಿ. ಹದಿನೈದು ವರ್ಷ ಮತದಾರನಿಗೆ ಯಾವ ಉತ್ತರವೂ ಸಿಗಲಿಲ್ಲ ಅನ್ನುವುದು ನನ್ನ ನೋವು. ತಮಿಳುನಾಡಿನ ಜಯಲಲಿತಾ ಅವರ ಅಕ್ರಮ ಆಸ್ತಿ ಕೇಸು ನಮ್ಮ ಬೆಂಗಳೂರಲ್ಲೇ ನಡೆಯಿತು. 2014ರಲ್ಲಿ ಶಿಕ್ಷೆ, ಮುಖ್ಯಮಂತ್ರಿ ಸ್ಥಾನ ಹೋಯಿತು. 2015ರಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಖುಲಾಸೆ, ಮತ್ತೆ ಮುಖ್ಯಮಂತ್ರಿ. 2017ರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ರದ್ದು ಮಾಡುವ ಹೊತ್ತಿಗೆ ಅವರೇ ಇರಲಿಲ್ಲ. ಇದರಲ್ಲಿ ಯಾವ ತೀರ್ಪಿನ ದಿನದಿಂದ ಜೀವನ ಪೂರ್ತಿ ನಿಷೇಧ ಲೆಕ್ಕ ಹಾಕುತ್ತೀರಿ?

ಕಾನೂನಿನಲ್ಲಿ ಈಗಾಗಲೇ ಗೆರೆ ಇದೆ. ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 8. ಭ್ರಷ್ಟಾಚಾರ, ಅತ್ಯಾಚಾರ, ಮತಕ್ಕೆ ಲಂಚ, ಅಸ್ಪೃಶ್ಯತೆ, ದ್ವೇಷ ಹುಟ್ಟಿಸುವುದು, ಇಂಥವು ಒಂದು ಪಟ್ಟಿಯಲ್ಲಿವೆ. ಅವುಗಳಲ್ಲಿ ಬರೀ ದಂಡ ಬಿದ್ದರೂ ಆರು ವರ್ಷ ನಿಲ್ಲುವಂತಿಲ್ಲ. ಉಳಿದ ಬಹುಪಾಲು ಅಪರಾಧಗಳಿಗೆ ಎರಡು ವರ್ಷ ಅಥವಾ ಜಾಸ್ತಿ ಜೈಲಾದರೆ ಮಾತ್ರ, ಬಿಡುಗಡೆಯಾಗಿ ಆರು ವರ್ಷದವರೆಗೆ. ಹಾಲಿ ಶಾಸಕ, ಸಂಸದರಿಗೆ ಅಪೀಲು ಹಾಕಿ ಕುರ್ಚಿ ಉಳಿಸಿಕೊಳ್ಳೋಕೆ ಮೂರು ತಿಂಗಳ ವಿನಾಯಿತಿ ಇತ್ತು. ಲಿಲಿ ಥಾಮಸ್ ಕೇಸಿನಲ್ಲಿ 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಿತ್ತುಹಾಕಿತು. ಒಳ್ಳೇದಾಯಿತು. ಆದರೆ ಎರಡು ವರ್ಷದ ಗೆರೆಯಲ್ಲೂ ಏನಾಗಬಹುದು ನೋಡಿ. 2019ರಲ್ಲಿ ಕೋಲಾರದ ಸಭೆಯಲ್ಲಿ ಆಡಿದ ಮಾತಿಗೆ 2023ರ ಮಾರ್ಚ್‌ನಲ್ಲಿ ಸೂರತ್ ಕೋರ್ಟ್ ರಾಹುಲ್ ಗಾಂಧಿಗೆ ಸರಿಯಾಗಿ ಎರಡು ವರ್ಷ ಹಾಕಿತು, ಸಂಸತ್ ಸ್ಥಾನ ಹೋಯಿತು. ಆಗಸ್ಟ್‌ನಲ್ಲಿ ತಡೆ ಕೊಟ್ಟಾಗ ಸುಪ್ರೀಂ ಕೋರ್ಟ್, ಶಿಕ್ಷೆ ಒಂದು ದಿನ ಕಡಿಮೆ ಇದ್ದರೂ ಸ್ಥಾನ ಹೋಗುತ್ತಿರಲಿಲ್ಲ ಅನ್ನುವುದನ್ನು ಎತ್ತಿ ಹೇಳಿತು. ದೊಡ್ಡ ವಕೀಲರನ್ನು ಇಟ್ಟುಕೊಳ್ಳಬಲ್ಲವರಿಗೆ ತಡೆ ಸಿಗುತ್ತದೆ. ಸಿಕ್ಕಿಂನ ಪ್ರೇಮ್ ಸಿಂಗ್ ತಮಾಂಗ್ ಭ್ರಷ್ಟಾಚಾರದ ಕೇಸಿನಲ್ಲಿ ಜೈಲಿಗೆ ಹೋಗಿ ಬಂದವರು. 2019ರಲ್ಲಿ ಮುಖ್ಯಮಂತ್ರಿ ಆದ ಮೇಲೆ ಅವರ ಆರು ವರ್ಷದ ಅನರ್ಹತೆಯನ್ನು ಚುನಾವಣಾ ಆಯೋಗವೇ ಒಂದು ವರ್ಷ ಒಂದು ತಿಂಗಳಿಗೆ ಇಳಿಸಿತು. ಸೆಕ್ಷನ್ 11 ಆಯೋಗಕ್ಕೆ ಆ ಅಧಿಕಾರ ಕೊಡುತ್ತದೆ. ಆಜೀವ ನಿಷೇಧ ಬಂದರೂ ಇಂಥ ಕಿಟಕಿ ಎಲ್ಲೋ ಒಂದು ಇದ್ದೇ ಇರುತ್ತದೆ, ಮತ್ತು ಅದು ತೆರೆಯುವುದು ನಮ್ಮೂರಿನವರಿಗೆ ಅಲ್ಲ.

ನನ್ನನ್ನು ಕೇಳಿದರೆ ಆ ಸೆಕ್ಷನ್ 11 ಭ್ರಷ್ಟಾಚಾರದ ಶಿಕ್ಷೆಗೆ ಅನ್ವಯ ಆಗಲೇಬಾರದು. ಲಂಚ, ಅತ್ಯಾಚಾರ, ಕೊಲೆಯಲ್ಲಿ ಶಿಕ್ಷೆ ಆಗಿ, ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿದರೆ, ಅಲ್ಲಿ ಆರು ವರ್ಷ ಕಡಿಮೆಯೇ. ಅಲ್ಲಿ ನಿಮ್ಮ ಆಜೀವ ನಿಷೇಧಕ್ಕೆ ನನ್ನ ಓಟೂ ಇದೆ. ಅಭ್ಯರ್ಥಿಗಳ ಬಾಕಿ ಕೇಸುಗಳು ಚುನಾವಣೆಗೆ ಮುಂಚೆ ಒಂದು ಕೋರ್ಟಿನಲ್ಲಾದರೂ ಮುಗಿಯಬೇಕು. ಅಫಿಡವಿಟ್‌ನ ಸುಳ್ಳಿಗೆ ಖಾಲಿ ಕಾಲಂಗಿಂತ ದೊಡ್ಡ ಬೆಲೆ ಇರಬೇಕು. ಆದರೆ ನೀರು ಕೇಳಿ ರಸ್ತೆಯಲ್ಲಿ ಕೂತವನನ್ನೂ ಲಂಚ ತಿಂದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ನಾಳೆ ಚಳವಳಿಗೆ ಬರುವವರು ಯಾರು? ಪ್ರತಿ ಊರಿನಲ್ಲೂ ಎದುರು ಮಾತಾಡುವವನ ಮೇಲೆ ಒಂದು ಸಣ್ಣ ಕೇಸು ಹಾಕಿಸುವುದು ಎಷ್ಟು ಸುಲಭ ಅಂತ ನಿಮಗೂ ಗೊತ್ತು ಅಲ್ವಾ?

ನಿಮ್ಮ ಕ್ಷೇತ್ರದವರ ವಿಷಯಕ್ಕೆ ಬಂದರೆ, ಅವರು ಒಳ್ಳೆಯವರೋ ಕೆಟ್ಟವರೋ ನನಗೆ ಗೊತ್ತಿಲ್ಲ. ನೀವೂ ಬರೀ ಬಾಯಿಮಾತು ನಂಬಬೇಡಿ. ಹಿಂದೆ ನಿಂತಿದ್ದವರಾದರೆ ಅವರ ಅಫಿಡವಿಟ್ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಹುಡುಕಿ. ಕೇಸುಗಳ ಭಾಗಕ್ಕೆ ನೇರ ಹೋಗಿ, ಆಸ್ತಿ ಆಮೇಲೆ ನೋಡಬಹುದು. ಇಲ್ಲದಿದ್ದರೆ ಇ-ಕೋರ್ಟ್ಸ್‌ನಲ್ಲಿ ಜಿಲ್ಲೆ ಆರಿಸಿ ಹೆಸರು ಹಾಕಿ. ಒಂದೇ ಹೆಸರಿನವರು ಬಹಳ ಜನ ಇರುತ್ತಾರೆ, ತಂದೆ ಹೆಸರು, ಊರು ಸರಿಯಾಗಿ ತಾಳೆ ನೋಡಿ, ಸುಮ್ನೆ ಇನ್ಯಾರದೋ ಕೇಸು ಇವರ ತಲೆಗೆ ಕಟ್ಟಬೇಡಿ. ಸೆಕ್ಷನ್ ಯಾವುದು, ಶಿಕ್ಷೆ ಎಷ್ಟು, ಅಪೀಲು ಇದೆಯಾ, ಈ ಮೂರು ಸಿಕ್ಕರೆ ಹೆಸರು ಹಾಕದೆ ಇಲ್ಲಿ ಬರೆಯಿರಿ. ಕಾನೂನಿನ ಪ್ರಕಾರ ಅವರು ನಿಲ್ಲಬಹುದಾ, ನಾನಾಗಿದ್ದರೆ ಅವರಿಗೆ ಓಟು ಹಾಕುತ್ತಿದ್ದೆನಾ, ಎರಡನ್ನೂ ಹೇಳುತ್ತೇನೆ.