ಪ್ರಶ್ನೋತ್ತರ: ದುಬಾರಿ ಸಾಫ್ಟ್‌ವೇರ್ ಸಿಂಥಸೈಜರ್ ಕೊಳ್ಳಬೇಕೇ?

ಪ್ರಶ್ನೆ: ನಾನು ತುಮಕೂರಿನ ಪ್ರೌಢಶಾಲೆಯೊಂದರಲ್ಲಿ ಸಂಗೀತ ಶಿಕ್ಷಕ. ಬಿಡುವಿನ ವೇಳೆಯಲ್ಲಿ ಭಾವಗೀತೆಗಳಿಗೆ ರಾಗ ಹಾಕಿ, ಮನೆಯ ಮ್ಯಾಕ್‌ಬುಕ್‌ನಲ್ಲಿ ಲಾಜಿಕ್ ಪ್ರೊ ಎಂಬ ಸಂಗೀತ ತಂತ್ರಾಂಶ ಬಳಸಿ ವಾದ್ಯಸಂಯೋಜನೆ ಮಾಡುತ್ತೇನೆ. ಈಚೆಗೆ ಪರಿಚಯದವರ ಎರಡು ಕಿರುಚಿತ್ರಗಳಿಗೆ ಹಿನ್ನೆಲೆ ಸಂಗೀತವನ್ನೂ ಮಾಡಿಕೊಟ್ಟಿದ್ದೇನೆ. ಸ್ಟುಡಿಯೊದಲ್ಲಿ ದುಡಿಯುವ ಗೆಳೆಯರು ಆಮ್ನಿಸ್ಫಿಯರ್ ಎಂಬ ಸಾಫ್ಟ್‌ವೇರ್ ಸಿಂಥಸೈಜರ್ (ಕಂಪ್ಯೂಟರಿನಲ್ಲೇ ನಾದ ಸೃಷ್ಟಿಸುವ ತಂತ್ರಾಂಶ) ಇಲ್ಲದೆ ಹಿನ್ನೆಲೆ ಸಂಗೀತ ಸಾಧ್ಯವಿಲ್ಲ ಎನ್ನುತ್ತಾರೆ. ಅದರ ಬೆಲೆ 499 ಡಾಲರ್. ನನ್ನ ಸಂಬಳಕ್ಕೆ ಇದು ದೊಡ್ಡ ಮೊತ್ತ. ಕೊಳ್ಳಬಹುದೇ ಎಂದು ದಯವಿಟ್ಟು ಸ್ಪಷ್ಟವಾಗಿ ತಿಳಿಸಿ.

ಉತ್ತರ: ಸದ್ಯಕ್ಕೆ ಕೊಳ್ಳಬೇಡಿ. ಆ ಉಪಕರಣ ಕಳಪೆಯೆಂದು ಹೀಗೆ ಹೇಳುತ್ತಿಲ್ಲ. ಅದು ತನ್ನ ವರ್ಗದಲ್ಲಿ ನಿಜಕ್ಕೂ ಶ್ರೇಷ್ಠವಾದದ್ದು. ನೀವು ವಿವರಿಸಿರುವ ಕೆಲಸಕ್ಕೆ ಅದು ಈಗಲೇ ಬೇಕೇ ಎಂಬುದು ಬೇರೆ ಪ್ರಶ್ನೆ, ಮತ್ತು ಅದಕ್ಕೆ ಉತ್ತರ ಹುಡುಕಲು ಬೇಕಾದ ಸಾಧನ ನಿಮ್ಮ ಕಂಪ್ಯೂಟರಿನಲ್ಲಿ ಈಗಾಗಲೇ ಇದೆ.

ಮೊದಲು ಬೆಲೆಯ ಲೆಕ್ಕವನ್ನು ಪೂರ್ತಿಯಾಗಿ ನೋಡೋಣ. ಹೊರದೇಶದ ಸಂಸ್ಥೆ ಭಾರತದ ಗ್ರಾಹಕರಿಗೆ ಅಂತರ್ಜಾಲದ ಮೂಲಕ ಮಾರುವ ಸಾಫ್ಟ್‌ವೇರ್‌ಗೆ ಶೇ. 18ರಷ್ಟು ಜಿಎಸ್‌ಟಿ ಅನ್ವಯವಾಗುತ್ತದೆ. ಅದರ ಮೇಲೆ ಕಾರ್ಡಿನ ಬ್ಯಾಂಕು ವಿದೇಶಿ ವಿನಿಮಯದ ಶುಲ್ಕವನ್ನು ಸೇರಿಸುತ್ತದೆ. ಎಲ್ಲವನ್ನೂ ಕೂಡಿದರೆ 499 ಡಾಲರ್ ಎಂಬುದು ಐವತ್ತು ಸಾವಿರ ರೂಪಾಯಿಯನ್ನು ದಾಟುತ್ತದೆ. ಅರವತ್ತು ಜಿಬಿಗೂ ಮೀರಿದ ಅದರ ಧ್ವನಿಸಂಗ್ರಹವನ್ನು ಇಡಲು ನಿಮ್ಮ ಮ್ಯಾಕ್‌ಬುಕ್‌ನಲ್ಲಿ ಸ್ಥಳವಿಲ್ಲದಿದ್ದರೆ ಹೊರಗಿನ ಎಸ್‌ಎಸ್‌ಡಿಯೊಂದನ್ನು ಕೊಳ್ಳಬೇಕಾಗುತ್ತದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ಇದನ್ನು ತಯಾರಿಸುವ ಸ್ಪೆಕ್ಟ್ರಾಸಾನಿಕ್ಸ್ ಸಂಸ್ಥೆಗೆ ಕೊಳ್ಳುವ ಮುನ್ನ ಬಳಸಿ ನೋಡಲು ಡೆಮೊ ಆವೃತ್ತಿಯನ್ನು ಕೊಡುವ ರೂಢಿ ಇಲ್ಲ, ಒಮ್ಮೆ ಕೊಂಡ ಪರವಾನಗಿಯನ್ನು ಮತ್ತೊಬ್ಬರಿಗೆ ಮಾರುವುದಕ್ಕೂ ಅದು ಅವಕಾಶ ಕೊಡುತ್ತ ಬಂದಿಲ್ಲ. ಹಾರ್ಮೋನಿಯಂ ಕೊಂಡು ಒಗ್ಗದಿದ್ದರೆ ಅರ್ಧ ಬೆಲೆಗಾದರೂ ಮಾರಬಹುದು; ಇಲ್ಲಿ ಕೊಟ್ಟ ಹಣ ಪೂರ್ತಿ ಹೋದಂತೆಯೇ. ಬಳಸಿ ನೋಡಲಾಗದ, ಮರಳಿ ಮಾರಲಾಗದ ವಸ್ತುವನ್ನು ಗೆಳೆಯರ ಮಾತಿನ ಮೇಲೆ ಮಾತ್ರ ಕೊಳ್ಳಬಾರದು.

ಆದರೂ ಸ್ಟುಡಿಯೊದವರು ಅದನ್ನು ಅಷ್ಟೊಂದು ಮೆಚ್ಚುವುದಕ್ಕೆ ಕಾರಣವಿದೆ. ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಎರಿಕ್ ಪರ್ಸಿಂಗ್ ಅವರು ಹಿಂದೆ ರೋಲ್ಯಾಂಡ್ ಸಂಸ್ಥೆಗಾಗಿ ದುಡಿದವರು. 1987ರಲ್ಲಿ ಬಂದ ಡಿ-50 ಕೀಬೋರ್ಡಿನ ಪ್ರಸಿದ್ಧ ನಾದಗಳಲ್ಲಿ ಅನೇಕವು ಅವರ ಕೈಯಿಂದ ಬಂದವು. ವಾದ್ಯವೊಂದನ್ನು ನಮ್ಮ ಕಿವಿ ಗುರುತಿಸುವುದು ಬಹುಮಟ್ಟಿಗೆ ಸ್ವರ ಹುಟ್ಟುವ ಮೊದಲ ಕ್ಷಣದಿಂದ. ಹಾಗಾಗಿ ಆ ಕ್ಷಣಕ್ಕೆ ನಿಜವಾದ ಧ್ವನಿಮುದ್ರಣದ ತುಣುಕನ್ನು ಇಟ್ಟು, ನಂತರದ ಭಾಗವನ್ನು ಸಂಶ್ಲೇಷಿಸಿದರೆ (ವಿದ್ಯುನ್ಮಾನವಾಗಿ ಸೃಷ್ಟಿಸಿದರೆ) ಒಟ್ಟು ನಾದ ಜೀವಂತವಾಗಿ ಕೇಳುತ್ತದೆ ಎಂಬುದು ಡಿ-50ರ ಹಿಂದಿನ ತಿಳಿವಳಿಕೆ. 2008ರಲ್ಲಿ ಬಂದ ಆಮ್ನಿಸ್ಫಿಯರ್, ಧ್ವನಿಮುದ್ರಣವನ್ನೂ ಸಂಶ್ಲೇಷಣೆಯನ್ನೂ ಬೆಸೆಯುವ ಇದೇ ವಿಚಾರವನ್ನು ಬಹಳ ದೂರ ಕೊಂಡೊಯ್ದಿತು. ಪಿಯಾನೊ ಒಂದಕ್ಕೆ ಬೆಂಕಿ ಹಚ್ಚಿ, ಅದು ಉರಿಯುತ್ತಿರುವಾಗಲೇ ನುಡಿಸಿ ಮುದ್ರಿಸಿಕೊಂಡ ಧ್ವನಿಯೂ ಅದರ ಸಂಗ್ರಹದಲ್ಲಿದೆ. 2015ರ ಎರಡನೆಯ ಆವೃತ್ತಿಯ ಹೊತ್ತಿಗೆ ನಾವೇ ಮುದ್ರಿಸಿದ ಧ್ವನಿಯನ್ನು ಅದರೊಳಗೆ ತುಂಬಿಸುವ ಸೌಲಭ್ಯವೂ ಬಂತು. ಸಿದ್ಧ ನಾದಗಳ ಸಂಖ್ಯೆ ಮುಂದೆ 14,000ವನ್ನು ದಾಟಿತು.

ಚಲನಚಿತ್ರಕ್ಕೆ ಹಿನ್ನೆಲೆ ಸಂಗೀತ ಮಾಡುವವರಿಗೆ ಇದರಿಂದ ಸಿಗುವ ನಿಜವಾದ ಲಾಭ ಸಮಯ. ನಿರ್ದೇಶಕರು ನಾಳೆ ಬೆಳಿಗ್ಗೆ ಕೇಳಲು ಬರುತ್ತಾರೆ ಎಂದಾಗ, ಒಂದೇ ಕೀಲಿಯನ್ನು ಒತ್ತಿ ಹಿಡಿದರೆ ತಾನಾಗಿಯೇ ಬೆಳೆಯುತ್ತ, ಬಣ್ಣ ಬದಲಿಸುತ್ತ ಹೋಗುವ ನಾದವೊಂದು ಸಿದ್ಧವಾಗಿ ಸಿಗುವುದು ದೊಡ್ಡ ಅನುಕೂಲ. ತಿಂಗಳಿಗೆ ಹಲವು ಕೆಲಸಗಳನ್ನು ಒಪ್ಪಿಕೊಳ್ಳುವ ನಿಮ್ಮ ಗೆಳೆಯರಿಗೆ ಅದರ ಬೆಲೆ ಬೇಗನೆ ತೀರಿಹೋಗಿರುತ್ತದೆ. ಅವರ ಮಾತು ಅವರ ಕೆಲಸದ ಮಟ್ಟಿಗೆ ಸರಿ. ನಿಮ್ಮ ಕೆಲಸದ ಬಹುಪಾಲು ಭಾವಗೀತೆ. ಅಲ್ಲಿ ಬೇಕಾಗುವುದು ಕೊಳಲು, ಪಿಟೀಲು, ತಬಲಾ, ಗಿಟಾರ್, ತಂಬೂರಿ. ಇವು ಯಾವುದೂ ಸಿಂಥಸೈಜರಿನ ಮುಖ್ಯ ಕ್ಷೇತ್ರವಲ್ಲ. ಒಂದು ಭಾವಗೀತೆ ತೆಳುವಾಗಿ ಕೇಳುತ್ತಿದೆ ಎಂದರೆ ಸಾಮಾನ್ಯವಾಗಿ ಅಲ್ಲಿ ಕೊರತೆಯಾಗಿರುವುದು ನುಡಿಸುವವರ ಉಸಿರು ಮತ್ತು ಬೆರಳು. ಐವತ್ತು ಸಾವಿರದ ಒಂದು ಪಾಲನ್ನು ಒಳ್ಳೆಯ ಕೊಳಲು ವಾದಕರ, ಪಿಟೀಲು ವಾದಕರ ಸಂಭಾವನೆಗೆ ಇಟ್ಟರೆ ನಿಮ್ಮ ಹಾಡುಗಳು ಎಷ್ಟು ಬದಲಾಗುತ್ತವೆ ಎಂಬುದನ್ನು ಯಾವ ಪ್ಲಗಿನ್ನೂ ತೋರಿಸಿಕೊಡಲಾರದು. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾದದ್ದು: ನಮ್ಮ ಊರುಗಳಲ್ಲಿ ಇಷ್ಟು ಮಂದಿ ಸಮರ್ಥ ವಾದಕರು ಇರುವಾಗ ಅವರನ್ನು ಕರೆಯದೆ ಧ್ವನಿಸಂಗ್ರಹ ಕೊಳ್ಳುವುದು ಸಂಗೀತಕ್ಕೂ ನಷ್ಟ, ಅವರಿಗೂ ನಷ್ಟ.

ಇನ್ನು ಕಿರುಚಿತ್ರಗಳ ಮಾತು. ಲಾಜಿಕ್ ಪ್ರೊ ಒಳಗೆ ಆಲ್ಕೆಮಿ ಎಂಬ ಸಿಂಥಸೈಜರ್ ಇದೆ. ಬಹಳ ಮಂದಿ ಅದರ ಸಿದ್ಧ ನಾದಗಳನ್ನು ಒಂದೆರಡು ದಿನ ತಿರುವಿಹಾಕಿ ಬಿಟ್ಟುಬಿಡುತ್ತಾರೆ. ಅದು ಮೊದಲು ಕ್ಯಾಮೆಲ್ ಆಡಿಯೊ ಎಂಬ ಬ್ರಿಟಿಷ್ ಸಂಸ್ಥೆ ಪ್ರತ್ಯೇಕವಾಗಿ ಮಾರುತ್ತಿದ್ದ ಸಾಧನ. ಆ ಸಂಸ್ಥೆಯನ್ನು ಆಪಲ್ ಕೊಂಡ ಮೇಲೆ, 2015ರಲ್ಲಿ, ಲಾಜಿಕ್‌ನ ಭಾಗವಾಯಿತು. ಏಕಕಾಲಕ್ಕೆ ನಾಲ್ಕು ಧ್ವನಿಮೂಲಗಳನ್ನು ಇಟ್ಟು ಒಂದರಿಂದ ಇನ್ನೊಂದಕ್ಕೆ ಜಾರುವುದು, ಮುದ್ರಿತ ಧ್ವನಿಯನ್ನು ಸಣ್ಣ ಕಣಗಳಾಗಿ ಒಡೆದು ಹರಡುವುದು, ಧ್ವನಿಯ ವೇಗವನ್ನು ಅದರ ಶ್ರುತಿಗೆ ಧಕ್ಕೆಯಾಗದಂತೆ ನಿಧಾನಿಸುವುದು ಇವೆಲ್ಲ ಅದರಲ್ಲಿ ಸಾಧ್ಯ. ಕೆಳಭಾಗದಲ್ಲಿ ಎಂಟು ಚೌಕಗಳ ಒಂದು ಫಲಕವಿದೆ. ಒಂದೊಂದು ಚೌಕವೂ ನಾದದ ಒಂದೊಂದು ಸ್ಥಿತಿ. ನಡುವೆ ಗುರುತನ್ನು ಎಳೆದಾಡಿದರೆ ನಾದ ಒಂದು ಸ್ಥಿತಿಯಿಂದ ಮತ್ತೊಂದಕ್ಕೆ ಬದಲಾಗುತ್ತ ಹೋಗುತ್ತದೆ. ಆಮ್ನಿಸ್ಫಿಯರ್‌ನಲ್ಲಿ ಜನ ಮೆಚ್ಚುವ ಚಲನೆಯ ಗುಣ ಬಹುಮಟ್ಟಿಗೆ ಇದೇ.

ಆದ್ದರಿಂದ ಹೀಗೆ ಮಾಡಿ. ನೀವು ಈಗಾಗಲೇ ಮುಗಿಸಿರುವ ಕಿರುಚಿತ್ರದ ಒಂದು ದೃಶ್ಯವನ್ನು ತೆಗೆದುಕೊಳ್ಳಿ. ಹಳೆಯ ಸಂಗೀತವನ್ನು ಮುಚ್ಚಿ, ಆ ದೃಶ್ಯಕ್ಕೆ ಎಂಥ ನಾದ ಬೇಕೆಂದು ಮೊದಲು ಕನ್ನಡದಲ್ಲಿ ಒಂದು ವಾಕ್ಯ ಬರೆಯಿರಿ: ದಪ್ಪವೇ ತೆಳುವೇ, ಬೇಗ ಹುಟ್ಟಬೇಕೇ ನಿಧಾನವಾಗಿ ಏಳಬೇಕೇ, ಮಾತಿನ ಕೆಳಗೆ ಅಡಗಿರಬೇಕೇ ಮೇಲೆ ತೇಲಬೇಕೇ. ಅನಂತರ ನಿಮ್ಮ ಶಾಲೆಯ ಹಾರ್ಮೋನಿಯಂನ ಒಂದು ಸ್ವರವನ್ನೋ, ಅದರ ತಿದಿಯ ಉಸಿರನ್ನೋ ಫೋನಿನಲ್ಲಾದರೂ ಸರಿ ಮುದ್ರಿಸಿ ಆಲ್ಕೆಮಿಗೆ ತುಂಬಿಸಿ, ಆ ವಾಕ್ಯದ ನಾದವನ್ನು ಅದರಿಂದ ತೆಗೆಯಲು ಪ್ರಯತ್ನಿಸಿ. ನಾದದ ಹೊಳಪನ್ನು ತಡೆಯುವ ಫಿಲ್ಟರನ್ನು ಮುಚ್ಚಿ ತೆರೆಯುವುದು, ಸ್ವರದ ಏಳುಬೀಳನ್ನು ನಿರ್ಧರಿಸುವ ಎನ್‌ವಲಪ್, ನಾದವನ್ನು ನಿಧಾನವಾಗಿ ತೂಗಿಸುವ ಎಲ್‌ಎಫ್‌ಒ, ಈ ಮೂರನ್ನು ಕೈಗೆ ಒಲಿಸಿಕೊಂಡರೆ ಸಾಕು, ಬಹುತೇಕ ಹಿನ್ನೆಲೆ ನಾದಗಳು ಅಲ್ಲೇ ಸಿಗುತ್ತವೆ. ಹೀಗೆ ಹುಟ್ಟಿದ ನಾದ ಬೇರೆ ಯಾರ ಚಿತ್ರದಲ್ಲೂ ಇರುವುದಿಲ್ಲ. ಪ್ರಸಿದ್ಧ ಸಂಗ್ರಹಗಳ ಸಿದ್ಧ ನಾದಗಳನ್ನು ಜಗತ್ತಿನ ಸಾವಿರಾರು ಮಂದಿ ಬಳಸುತ್ತಿರುತ್ತಾರೆ, ಪಳಗಿದ ಕಿವಿಗಳು ಅವುಗಳನ್ನು ಹೆಸರು ಹಿಡಿದು ಗುರುತಿಸುತ್ತವೆ.

ಎಲ್ಲಿ ಸೋತಿರಿ ಎಂಬುದನ್ನು ಮಾತ್ರ ಪ್ರತಿಸಲ ಬರೆದಿಡಿ. ಮುಂದಿನ ಎರಡು ಮೂರು ಕೆಲಸಗಳು ಮುಗಿಯುವ ಹೊತ್ತಿಗೆ ಆ ಪಟ್ಟಿಯಲ್ಲಿ ಒಂದೇ ಬಗೆಯ ಕೊರತೆ ಪದೇ ಪದೇ ಕಂಡರೆ, ಆ ಕೊರತೆಯನ್ನು ತುಂಬುವ ಸಾಧನ ಯಾವುದೆಂದು ಆಗ ಹುಡುಕಿ. ಅದು ಆಮ್ನಿಸ್ಫಿಯರ್ ಆಗಿರಲೂಬಹುದು. ಹಳೆಯ ಅನಲಾಗ್ ಯಂತ್ರಗಳ ಬೆಚ್ಚನೆಯ ನಾದ ಬೇಕೆಂದು ತಿಳಿದುಬಂದರೆ ಬರ್ಲಿನ್‌ನ ಯು-ಹೀ ಸಂಸ್ಥೆಯ ದೀವಾ ಅದಕ್ಕಿಂತ ಬಹಳ ಕಡಿಮೆ ಬೆಲೆಯದು. ಅದಕ್ಕೆ ಡೆಮೊ ಇದೆ, ಪರವಾನಗಿಯನ್ನು ವರ್ಗಾಯಿಸಲೂ ಬರುತ್ತದೆ, ಆದರೆ ಕಂಪ್ಯೂಟರಿನ ಶಕ್ತಿಯನ್ನು ವಿಪರೀತ ಬೇಡುತ್ತದೆ. ಸಂಭಾವನೆ ನಿಗದಿಯಾದ ಕೆಲಸಗಳು ಸಾಲಾಗಿ ಬರತೊಡಗಿ, ಅವುಗಳಿಂದ ಬಂದ ಹಣದಲ್ಲೇ ಕೊಳ್ಳುವ ಸ್ಥಿತಿ ಒದಗಿ, ಆತುರದ ಗಡುವುಗಳಿಂದ ನಿಮಗೆ ನಾದ ಕಟ್ಟಲು ಸಮಯವೇ ಸಿಗುತ್ತಿಲ್ಲ ಎನ್ನಿಸಿದಾಗ 499 ಡಾಲರ್ ಕೊಡಲು ಹಿಂಜರಿಯಬೇಕಾಗಿಲ್ಲ. ಮನೆಯ ಖರ್ಚಿನಿಂದ ತೆಗೆದು, ಇಲ್ಲವೇ ಕಾರ್ಡಿನ ಕಂತಿನಲ್ಲಿ ಕೊಳ್ಳುವುದಂತೂ ಬೇಡ.

ಪ್ರಶ್ನೆ: ನಾನು ಮೈಸೂರಿನಲ್ಲಿ ಕರ್ನಾಟಕ ಸಂಗೀತ ಕಲಿಯುತ್ತಿರುವ ವಿದ್ಯಾರ್ಥಿನಿ. ಕಂಪ್ಯೂಟರಿಗೆ ಜೋಡಿಸಿದ ಚಿಕ್ಕ ಕೀಬೋರ್ಡಿನಲ್ಲಿ ಗಮಕ ಬರುವುದಿಲ್ಲ. ಬಳಸುತ್ತಿರುವುದು ಉಚಿತ ಸಿಂಥಸೈಜರ್. ದುಬಾರಿಯದನ್ನು ಕೊಂಡರೆ ಗಮಕ ಸಾಧ್ಯವೇ?

ಉತ್ತರ: ಬೆಲೆಗೂ ಗಮಕಕ್ಕೂ ಸಂಬಂಧವಿಲ್ಲ. ಕೀಬೋರ್ಡಿನ ಎಡಬದಿಯಲ್ಲಿರುವ ಪಿಚ್ ಬೆಂಡ್ ಚಕ್ರದ ಮೂಲಕ ಸ್ವರವನ್ನು ಜಾರಿಸುವ ವಿಧಾನ, ವಿದ್ಯುನ್ಮಾನ ವಾದ್ಯಗಳನ್ನೂ ಕಂಪ್ಯೂಟರನ್ನೂ ಬೆಸೆಯುವ 1983ರ ಮಿಡಿ ಮಾನಕದಲ್ಲೇ ಇದೆ. ಚಕ್ರದ ಒಂದು ತುದಿಯಿಂದ ಇನ್ನೊಂದು ತುದಿಗೆ 16,384 ಹಂತಗಳಿಗೆ ಅವಕಾಶವಿದೆ. ಗಮಕದ ಸೂಕ್ಷ್ಮಕ್ಕೆ ಇದು ಧಾರಾಳವಾಯಿತು. ಸಾಮಾನ್ಯವಾಗಿ ಚಕ್ರ ಮೇಲೆ ಎರಡು, ಕೆಳಗೆ ಎರಡು ಸ್ವರಸ್ಥಾನಗಳಷ್ಟು ಜಾರುವಂತೆ ಹೊಂದಿಸಿರುತ್ತಾರೆ. ತೋಡಿಯ ಸಾಧಾರಣ ಗಾಂಧಾರವನ್ನು ಒತ್ತಿ ಹಿಡಿದರೆ ಕೆಳಗೆ ಶುದ್ಧ ರಿಷಭವನ್ನೂ ಮೇಲೆ ಶುದ್ಧ ಮಧ್ಯಮವನ್ನೂ ಮುಟ್ಟಲು ಅಷ್ಟೇ ಸಾಕು. ದೀರ್ಘವಾದ ಜಾರುಗಳಿಗೆ ಮಾತ್ರ ಈ ವ್ಯಾಪ್ತಿಯನ್ನು ಹೆಚ್ಚಿಸಿಕೊಳ್ಳಿ. ಜೊತೆಗೆ ಸಿಂಥಸೈಜರನ್ನು ಒಂದು ಸಲಕ್ಕೆ ಒಂದೇ ಸ್ವರ ನುಡಿಯುವ ಮೋನೊ ಸ್ಥಿತಿಗೂ, ಸ್ವರಗಳು ಮೀಟಿಲ್ಲದೆ ಬೆಸೆಯುವ ಲೆಗಾಟೊ ಸ್ಥಿತಿಗೂ ಇಡಿ. ಇಲ್ಲವಾದರೆ ಪ್ರತಿ ಕೀಲಿಯಲ್ಲೂ ಸ್ವರ ಹೊಸದಾಗಿ ಹುಟ್ಟಿ ಗಮಕದ ಎಳೆ ಕಡಿದುಹೋಗುತ್ತದೆ.

ಇನ್ನೊಂದು ತೊಡಕಿದೆ, ಅದನ್ನು ನಿಮ್ಮ ಕಿವಿ ಈಗಾಗಲೇ ಗಮನಿಸಿರಬಹುದು. ತಂಬೂರಿಯ ಷಡ್ಜದ ತಂತಿಯೊಳಗಿನಿಂದ ತಾನಾಗಿ ಕೇಳುವ ಅಂತರ ಗಾಂಧಾರ ಷಡ್ಜದಿಂದ 386 ಸೆಂಟ್ (ಕೀಬೋರ್ಡಿನ ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್) ದೂರದಲ್ಲಿದ್ದರೆ, ಕೀಬೋರ್ಡಿನ ಗಾಂಧಾರ 400 ಸೆಂಟ್‌ಗಳಲ್ಲಿರುತ್ತದೆ. ಶಂಕರಾಭರಣದಲ್ಲಿ ಆ ಸ್ವರದ ಮೇಲೆ ನಿಂತಾಗ 14 ಸೆಂಟ್‌ಗಳ ಈ ವ್ಯತ್ಯಾಸ ತಂಬೂರಿಯೊಂದಿಗೆ ಸ್ಪಷ್ಟವಾಗಿ ಉಜ್ಜುತ್ತದೆ. ಇದಕ್ಕೆ ಪರಿಹಾರ ಉಚಿತ ಸಾಧನದಲ್ಲೇ ಇದೆ. 2018ರಲ್ಲಿ ಮೂಲಸಂಕೇತವನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟ ಸರ್ಜ್ ಎಂಬ ಸಿಂಥಸೈಜರ್ ಈಗ ಸರ್ಜ್ ಎಕ್ಸ್‌ಟಿ ಎಂಬ ಹೆಸರಿನಲ್ಲಿ ಸಿಗುತ್ತದೆ. ಸ್ಕಾಲಾ ಎಂಬ ಕಡತರೂಪದಲ್ಲಿ ಹನ್ನೆರಡು ಸ್ವರಸ್ಥಾನಗಳನ್ನು ನಮಗೆ ಬೇಕಾದಂತೆ ಬರೆದು ಅದಕ್ಕೆ ತುಂಬಿಸಬಹುದು. ಅದು ಅಕ್ಷರಗಳ ಸರಳ ಕಡತ, ನೀವೇ ಬರೆಯಬಹುದು. ಒಂದೊಂದು ಬೆರಳೂ ತನ್ನ ಸ್ವರವನ್ನು ಬೇರೆ ಬೇರೆಯಾಗಿ ಜಾರಿಸಬಲ್ಲ ಎಂಪಿಇ ಕೀಬೋರ್ಡುಗಳೂ ಮಾರುಕಟ್ಟೆಯಲ್ಲಿವೆ, ಸರ್ಜ್ ಎಕ್ಸ್‌ಟಿ ಅವಕ್ಕೂ ಹೊಂದುತ್ತದೆ. ಹಣ ಖರ್ಚು ಮಾಡಲೇಬೇಕೆಂದಿದ್ದರೆ ನಿಮ್ಮ ವಿಷಯದಲ್ಲಿ ಅದು ಕೀಬೋರ್ಡಿನ ಮೇಲೆ ಆಗಲಿ, ಸಿಂಥಸೈಜರಿನ ಮೇಲೆ ಬೇಡ. ಅದಕ್ಕೂ ಮೊದಲು ಸರಳೆ ವರಸೆಗಳನ್ನು ಚಕ್ರದ ಸಹಾಯದಿಂದ ನುಡಿಸಿ, ಗುರುಗಳಿಗೆ ಕೇಳಿಸಿ.

ಪ್ರಶ್ನೆ: ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ. ಸೀರಮ್ ಸಿಂಥಸೈಜರಿನ ಕ್ರ್ಯಾಕ್ ಪ್ರತಿಯನ್ನು ಸದ್ಯಕ್ಕೆ ಬಳಸಿ, ಸಂಪಾದನೆ ಬಂದ ಮೇಲೆ ಕೊಂಡರೆ ತಪ್ಪೇ?

ಉತ್ತರ: ತಪ್ಪು, ಮತ್ತು ಅದರ ಅಗತ್ಯವೂ ಇಲ್ಲ. ಬೀಗ ಮುರಿದ ಪ್ರತಿಗಳೊಂದಿಗೆ ಕಂಪ್ಯೂಟರಿನ ಗುಪ್ತಪದಗಳನ್ನು ಕದಿಯುವ ತಂತ್ರಾಂಶಗಳು ಸೇರಿಬರುವುದು ಸಾಮಾನ್ಯ. ಸ್ಟೀವ್ ಡೂಡಾ ಅವರ ಸೀರಮ್ 2014ರಲ್ಲಿ ಜನಪ್ರಿಯಗೊಳಿಸಿದ ವೇವ್‌ಟೇಬಲ್ ವಿಧಾನವನ್ನೇ (ಸಾಲಾಗಿ ಜೋಡಿಸಿಟ್ಟ ತರಂಗಗಳಿಂದ ನಾದ ಕಟ್ಟುವ ಕ್ರಮ) ಅನುಸರಿಸುವ ವೈಟಲ್ ಎಂಬ ಸಿಂಥಸೈಜರ್ 2020ರಿಂದ ಉಚಿತವಾಗಿ ಸಿಗುತ್ತಿದೆ; ಅದರ ಉಚಿತ ಆವೃತ್ತಿಯಲ್ಲಿ ಸಿದ್ಧ ನಾದಗಳು ಕಡಿಮೆ, ನಾದ ಕಟ್ಟುವ ಶಕ್ತಿಯಲ್ಲಿ ಕಡಿತವಿಲ್ಲ. ಅದರಲ್ಲಿ ಕಲಿತದ್ದು ಸೀರಮ್‌ಗೆ ಬಹುತೇಕ ಹಾಗೆಯೇ ಒದಗುತ್ತದೆ. ಮುಂದೆ ಸೀರಮ್ಮೇ ಬೇಕೆನಿಸಿದರೆ ಸ್ಪ್ಲೈಸ್ ಎಂಬ ತಾಣದಲ್ಲಿ ತಿಂಗಳಿಗೆ ಸುಮಾರು 10 ಡಾಲರ್‌ನಂತೆ ಕಟ್ಟುತ್ತ ಹೋಗಿ ಕೊನೆಗೆ ಸ್ವಂತ ಮಾಡಿಕೊಳ್ಳುವ ಏರ್ಪಾಡಿದೆ. ನಡುವೆ ನಿಲ್ಲಿಸಿ ಮತ್ತೆ ಮುಂದುವರಿಸಲೂಬಹುದು. ನಿಮ್ಮದೋ ತಂದೆಯವರದೋ ಕಾರ್ಡು ಹೊಸದಾದರೆ ಅದರಲ್ಲಿ ಅಂತರರಾಷ್ಟ್ರೀಯ ಪಾವತಿ ಮುಚ್ಚಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆದು, ಮಿತಿಯನ್ನು ಕಡಿಮೆ ಇಟ್ಟು, ಪಾವತಿ ಮಾಡಿ.