ಗಾಜಿನ ಜಾಡಿಯೊಳಗೆ ದುರ್ಗದ ಕೋಟೆ: ಬಿಸಿಲೂ ಬೇಡ, ದಿನಾ ನೀರೂ ಬೇಡ

ಅಕ್ಕಾ, ದಾವಣಗೆರೆಯಿಂದ ನೀವು ಹಾಕಿದ ಫೋಟೋ ನೋಡಿದೆ. ಮಗಳಿಗೆ ಅಂತ ಮುಚ್ಚಳದ ಜಾಡಿಯಲ್ಲಿ ಫೇರಿ ಗಾರ್ಡನ್, ಅಂದರೆ ಪುಟಾಣಿ ಮನೆ ಇರುವ ಆಟದ ತೋಟ, ಮಾಡಿದ್ದೀರಿ. ಹದಿನೈದೇ ದಿನಕ್ಕೆ ದಪ್ಪ ಎಲೆಯ ಸಕ್ಯುಲೆಂಟ್ ಗಿಡ ಕೊಳೆತಿದೆ, ಐಸ್‌ಕ್ರೀಂ ಕಡ್ಡಿಯ ಮನೆಗೆ ಬಿಳಿ ಬೂಷ್ಟು ಬಂದಿದೆ. ಕೈಗುಣ ಸರಿಯಿಲ್ಲ ಅಂತ ಮನೆಯಲ್ಲಿ ಅಂದರು ಅಂತ ಬರೆದಿದ್ದೀರಿ. ಸುಮ್ನೆ ಬೇಜಾರು ಮಾಡಿಕೊಳ್ಳಬೇಡಿ, ನಿಮಗೆ ಸಿಕ್ಕ ಗಿಡವೇ ತಪ್ಪು.

ಸಕ್ಯುಲೆಂಟ್, ಜೇಡ್, ಕಳ್ಳಿ ಎಲ್ಲ ಒಣ ನೆಲದವು. ನಮ್ಮ ಚಿತ್ರದುರ್ಗದ ಬಂಡೆ ಸಂದಿಯಲ್ಲಿ ಬೇಕಾದರೆ ಬದುಕುತ್ತವೆ, ಮುಚ್ಚಿದ ಜಾಡಿಯ ತೇವದಲ್ಲಿ ಬದುಕುವುದಿಲ್ಲ. ನರ್ಸರಿಯವರು ಅದನ್ನೇ ಜಾಡಿಗೆ ತುಂಬಿ ಮಾರುತ್ತಾರೆ, ನೋಡೋಕೆ ಚೆನ್ನಾಗಿರುತ್ತದಲ್ವಾ! ಮುಚ್ಚಿದ ಜಾಡಿಗೆ ಗೆರೆಗೆರೆ ಎಲೆಯ ಫಿಟೋನಿಯಾ, ಸಣ್ಣ ಜರೀಗಿಡ (ಫರ್ನ್), ಮೆತ್ತನೆಯ ಹಸಿರು ಪಾಚಿ (ಮಾಸ್) ಸಾಕು. ಮನಿಪ್ಲಾಂಟ್ ಹಾಕಬೇಡಿ, ಎರಡು ತಿಂಗಳಲ್ಲಿ ಜಾಡಿ ತುಂಬಾ ಅದೇ ಆಗುತ್ತದೆ.

ಮುಚ್ಚಿದ ಜಾಡಿಯಲ್ಲಿ ಗಿಡ ಹೇಗೆ ಬದುಕುತ್ತದೆ ಅನ್ನುತ್ತೀರಾ? 1829ರಲ್ಲಿ ಲಂಡನ್ನಿನ ಡಾಕ್ಟರ್ ನಥಾನಿಯಲ್ ವಾರ್ಡ್ ಪತಂಗದ ಕೋಶ ಒಡೆಯುವುದನ್ನು ನೋಡಬೇಕು ಅಂತ ಅದನ್ನು ಒದ್ದೆ ಮಣ್ಣಿನ ಜೊತೆ ಬಾಟಲಿಗೆ ಹಾಕಿ ಮುಚ್ಚಿಟ್ಟಿದ್ದರು. ಅದರಲ್ಲಿ ಜರೀಗಿಡ ತಾನಾಗಿ ಮೊಳೆಯಿತು. ಗಿಡ ಮತ್ತು ಮಣ್ಣಿನಿಂದ ಹೊರಬಂದ ನೀರಿನ ಆವಿ ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯುತ್ತದೆ. ಅದಕ್ಕೇ ದಿನಾ ನೀರು ಬೇಡ ಅನ್ನುವುದು.

ಈಗ ಮಾಡುವ ಬಗೆ. ಐದು ಲೀಟರಿನ ಜಾಡಿ ಅಂದುಕೊಳ್ಳಿ. ತಳಕ್ಕೆ ಎರಡು ಬೆರಳು ಸಣ್ಣ ಜಲ್ಲಿ. ಮೇಲೆ ಒಂದು ಹಿಡಿ ಇದ್ದಿಲ ಚೂರು, ಇಸ್ತ್ರಿ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಅದರ ಮೇಲೆ ಸೊಳ್ಳೆ ಪರದೆಯ ಒಂದು ತುಂಡು, ಇಲ್ಲದಿದ್ದರೆ ಮಣ್ಣು ಜಲ್ಲಿಯೊಳಗೆ ಇಳಿಯುತ್ತದೆ. ಆಮೇಲೆ ಮೂರು ಇಂಚು ಮಣ್ಣು: ತೊಳೆದು ಹಿಂಡಿದ ತೆಂಗಿನ ನಾರಿನ ಪುಡಿ ಎರಡು ಪಾಲು, ಕೆಮ್ಮಣ್ಣು ಒಂದು, ಮರಳು ಒಂದು. ನಿಮ್ಮ ಕಡೆಯ ಎರೆ ಮಣ್ಣು ಮಾತ್ರ ಬೇಡವೇ ಬೇಡ, ನೀರು ಹಿಡಿದುಕೊಂಡು ಅಂಟು ಮುದ್ದೆ ಆಗುತ್ತದೆ. ಗೊಬ್ಬರವೂ ಬೇಡ. ಗಿಡ ಬೆಳೆಯಬಾರದು ಅನ್ನುವುದೇ ಇಲ್ಲಿ ನಮ್ಮ ಆಸೆ.

ಪಾಚಿ ದುಡ್ಡು ಕೊಟ್ಟು ತರಬೇಡಿ. ಮಳೆಗಾಲದಲ್ಲಿ ಕಾಂಪೌಂಡ್ ಗೋಡೆ ಮೇಲೆ, ಬೇರೆ ಕಾಲದಲ್ಲಾದರೆ ಟ್ಯಾಂಕ್ ಸೋರುವ ಕಡೆ ಇರುತ್ತದೆ. ಹಳೇ ಸಟ್ಟುಗದಿಂದ, ಕಾವಲಿ ಮೇಲಿನ ಬೆಣ್ಣೆ ದೋಸೆ ಎಬ್ಬಿಸುವ ಹಾಗೆ, ಹರಿಯದಂತೆ ಎಬ್ಬಿಸಿ. ಒಣಗಿ ಕಂದಾಗಿದ್ದರೂ ಪರವಾಗಿಲ್ಲ, ನೀರು ಚಿಮುಕಿಸಿದರೆ ಬಹಳಷ್ಟು ಸಲ ಮತ್ತೆ ಹಸಿರಾಗುತ್ತದೆ.

ನೀರು ಮೊದಲ ಸಲ ಕಾಲು ಲೋಟ, ಅಷ್ಟೇ. ಬೋರ್ ನೀರಾದರೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ. ಮಳೆ ನೀರು ಅಥವಾ ಕುಡಿಯುವ ನೀರಿನ ಘಟಕದ ಕ್ಯಾನ್ ನೀರು ಹಾಕಿ. ಬೆಳಿಗ್ಗೆ ಗಾಜಿನ ಒಂದು ಬದಿಗೆ ತೆಳ್ಳಗೆ ಮಂಜು ಕಟ್ಟಿ ಮಧ್ಯಾಹ್ನಕ್ಕೆ ಹೋದರೆ ಸರಿಯಾಗಿದೆ ಅಂತ. ದಿನವಿಡೀ ಹನಿ ಇಳಿಯುತ್ತಿದ್ದರೆ ನೀರು ಜಾಸ್ತಿಯಾಗಿದೆ, ಒಂದು ದಿನ ಮುಚ್ಚಳ ತೆಗೆದಿಡಿ. ಮಂಜೇ ಇಲ್ಲದಿದ್ದರೆ ಎರಡು ಚಮಚ ಹಾಕಿ.

ಬಿಸಿಲಿನ ವಿಷಯದಲ್ಲಿ ನಾನೇ ಪಾಠ ಕಲಿತವನು. ಏಪ್ರಿಲ್‌ನಲ್ಲಿ ನನ್ನ ಮೊದಲ ಜಾಡಿಯನ್ನು ಪಡುವಣ ಕಿಟಕಿಯಲ್ಲಿ ಇಟ್ಟು ಕೆಲಸಕ್ಕೆ ಹೋಗಿದ್ದೆ. ಸಂಜೆ ಬಂದು ಮುಚ್ಚಳ ತೆಗೆದರೆ ಬೇಯಿಸಿದ ಸೊಪ್ಪಿನ ವಾಸನೆ! ಜರೀಗಿಡ ಜಾಡಿಗೆ ಅಂಟಿಕೊಂಡಿತ್ತು. ನೇರ ಬಿಸಿಲು ಬೀಳದ, ಪೇಪರ್ ಓದುವಷ್ಟು ಬೆಳಕಿರುವ ಜಾಗದಲ್ಲಿ ಇಡಿ. ಉತ್ತರದ ಕಿಟಕಿ ಒಳ್ಳೆಯದು.

ಇನ್ನು ಮಗಳಿಗೆ ಬೇಕಾದ ಮನೆ. ಕಡ್ಡಿ, ರಟ್ಟು, ಅಡಿಕೆ ಹಾಳೆ ಏನೇ ಹಾಕಿದರೂ ಒಳಗೆ ಬೂಷ್ಟು ಬಂದೇ ಬರುತ್ತದೆ. ಕಬ್ಬಿಣದ ತಂತಿ ತುಕ್ಕು ಹಿಡಿಯುತ್ತದೆ. ಕಲ್ಲು, ಸುಟ್ಟ ಮಣ್ಣು, ಬಳೆ ಚೂರು, ಎಂ-ಸೀಲ್ ಇವು ನಿಲ್ಲುತ್ತವೆ. ನಮ್ಮ ಮನೆಯಲ್ಲಿ ಫೇರಿ ಬೇಡ ಅಂತ ಮಗ ಹಟ ಹಿಡಿದ, ಕೋಟೆ ಮಾಡಿದೆವು. ಹೊಲದಿಂದ ತಂದ ಕಲ್ಲುಗಳನ್ನು ಒಂದರ ಮೇಲೊಂದು ಕೂರಿಸಿದೆವು (ಕೋಟೆಯಿಂದ ಕಲ್ಲು ತರಬೇಡಿ, ಅದು ಸಂರಕ್ಷಿತ ಸ್ಮಾರಕ). ಕನ್ನಡಿ ಚೂರು ಅಕ್ಕ-ತಂಗಿ ಹೊಂಡ ಆಯಿತು. ಅಂಚು ಕೈ ಕೊಯ್ಯದ ಹಾಗೆ ಮೊದಲು ಕಲ್ಲಿಗೆ ಉಜ್ಜಿಕೊಳ್ಳಿ. ಎರಡು ಕಲ್ಲಿನ ಸಂದಿಯಲ್ಲಿ ಕಿಂಡಿ, ಪಕ್ಕದಲ್ಲಿ ಎಂ-ಸೀಲಿನ ಓಬವ್ವ. ಅವಳ ಕೈಗೆ ಬೆಂಕಿಕಡ್ಡಿಯ ಒನಕೆ ಕೊಟ್ಟಿದ್ದೆವು, ವಾರದೊಳಗೆ ಅದಕ್ಕೂ ಬೂಷ್ಟು. ಈಗ ಹಳೇ ಪೆನ್ನಿನ ರೀಫಿಲ್ ತುಂಡು ಹಿಡಿದು ನಿಂತಿದ್ದಾಳೆ.

ನಿಮ್ಮ ಜಾಡಿ ಎಸೆಯಬೇಡಿ. ಎಲ್ಲ ಖಾಲಿ ಮಾಡಿ, ಸೋಪು ಹಾಕಿ ತೊಳೆದು, ಎರಡು ದಿನ ಬಿಸಿಲಿಗೆ ಒಣಗಿಸಿ. ಫೋಟೋದಲ್ಲಿ ಮೂಲೆಯಲ್ಲಿರುವ ಜೇಡ್ ಕೊಂಬೆ ಇನ್ನೂ ಗಟ್ಟಿಯಾಗಿದೆ. ಕೊಳೆತ ಭಾಗ ಕತ್ತರಿಸಿ, ಎರಡು ಮೂರು ದಿನ ನೆರಳಲ್ಲಿ ಗಾಯ ಒಣಗಲು ಬಿಟ್ಟು, ಮಣ್ಣಿನ ಕುಂಡದಲ್ಲಿ ನೆಟ್ಟು ಬಾಲ್ಕನಿಯಲ್ಲಿ ಇಡಿ.