ಲಿವರ್‌ಗೆ ಹಾಕಿದ ಸ್ಟೆಂಟ್ ಮುಚ್ಚಿಕೊಳ್ಳುತ್ತದೆ ಅಂತ ರಕ್ತ ಪರೀಕ್ಷೆಯಲ್ಲಿ ಮೊದಲೇ ಗೊತ್ತಾಗುತ್ತದಾ?

ನಿಮ್ಮ ತಮ್ಮನಿಗೆ ಬಡ್-ಚಿಯಾರಿ (ಲಿವರ್‌ನಿಂದ ರಕ್ತ ಹೊರಹೋಗುವ ನಾಳಗಳು ಮುಚ್ಚಿಕೊಳ್ಳುವ ಕಾಯಿಲೆ) ಇದೆ, ಟಿಪ್ಸ್ ಸ್ಟೆಂಟ್ (ಕರುಳಿನ ರಕ್ತ ದಾಟಿ ಹೋಗಲು ಲಿವರ್ ಒಳಗೆ ಇಡುವ ಕೊಳವೆ) ಹಾಕಿ ಮೂರು ತಿಂಗಳಾಯಿತು, ಅದು ಮುಚ್ಚಿಕೊಳ್ಳುವುದನ್ನು ಮುಂಚೆಯೇ ಹೇಳುವ ರಕ್ತ ಪರೀಕ್ಷೆ ಇದೆಯಾ, ಪ್ರತಿ ತಿಂಗಳು ಡಿ-ಡೈಮರ್ ಮಾಡಿಸಿದರೆ ಸಾಕಾ ಅಂತ ಕೇಳಿದ್ದೀರಿ. ಇಲ್ಲ, ಸಾಕಾಗುವುದಿಲ್ಲ. ಇದೊಂದು ಮಾಡಿಸಿದರೆ ಆಯಿತು ಅನ್ನುವಂಥ ರಕ್ತ ಪರೀಕ್ಷೆ ಇನ್ನೂ ಇಲ್ಲ.

ನಾನು ಡಾಕ್ಟರ್ ಅಲ್ಲ. ನನ್ನ ಹೆಂಡತಿಗೆ ಇದೇ ಕಾಯಿಲೆ, ಇದೇ ಸ್ಟೆಂಟ್, ಐದು ವರ್ಷ ಆಯಿತು. ಇಷ್ಟು ದಿನ ರಿಪೋರ್ಟುಗಳ ಜೊತೆ ಸಂಸಾರ ಮಾಡಿ ಕಲಿತದ್ದನ್ನು ಹೇಳುತ್ತೇನೆ, ಅಷ್ಟೇ.

ಮೊದಲು ಡಿ-ಡೈಮರ್ ವಿಷಯ. ಹೆಪ್ಪುಗಟ್ಟಿದ ರಕ್ತ ಕರಗುವಾಗ ಉಳಿಯುವ ಚೂರು ಅದು. ಆದರೆ ಹೊಟ್ಟೆಯಲ್ಲಿ ನೀರು ತುಂಬಿದ್ದರೂ ಏರುತ್ತದೆ, ಸೋಂಕಿಗೂ ಏರುತ್ತದೆ, ಲಿವರ್ ಕೆಟ್ಟಿದ್ದರೂ ಏರುತ್ತದೆ. ಒಮ್ಮೆ ಇವಳಿಗೆ ಮಿತಿಯ ಮೂರು ಪಟ್ಟು ಬಂದಿತ್ತು. ರಾತ್ರಿಯೆಲ್ಲ ಫೋನ್ ಹಿಡಿದು ಓದಿದೆ, ಓದಿದಷ್ಟೂ ಭಯ. ಬೆಳಿಗ್ಗೆ ಡಾಪ್ಲರ್, ಅಂದರೆ ರಕ್ತದ ಹರಿವು ತೋರಿಸುವ ಸ್ಕ್ಯಾನ್, ಮಾಡಿದರೆ ಸ್ಟೆಂಟ್‌ನಲ್ಲಿ ರಕ್ತ ಆರಾಮಾಗಿ ಹರಿಯುತ್ತಿತ್ತು. ಸುಮ್ನೆ ಒಂದು ರಾತ್ರಿ ನಿದ್ದೆ ಹೋಯಿತು.

ಇದಕ್ಕೆ ಉಲ್ಟಾ ಆಗಿದ್ದೂ ಇದೆ, ಅದೇ ನನಗೆ ಜಾಸ್ತಿ ಪಾಠ ಕಲಿಸಿದ್ದು. ಸ್ಟೆಂಟ್ ಹಾಕಿದ ಎಂಟನೇ ತಿಂಗಳು. ಲಿವರ್ ಹೇಗಿದೆ ಅಂತ ತೋರಿಸುವ ಬಿಲಿರುಬಿನ್ ಹಿಂದಿನ ಸಲದಷ್ಟೇ, ಕಿಡ್ನಿಯದ್ದು ತೋರಿಸುವ ಕ್ರಿಯಾಟಿನಿನ್ ಸರಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ಅಳೆಯುವ ಐಎನ್‌ಆರ್ 2.3, ಮಾತ್ರೆಯ ಗುರಿಯೊಳಗೇ. ಆದರೆ ನಾವು ದಿನಾ ಬೆಳಿಗ್ಗೆ ಟೇಪ್ ಹಿಡಿದು ಹೊಟ್ಟೆಯ ಸುತ್ತಳತೆ ಬರೆದಿಡುತ್ತೇವೆ, ಅದು ಒಂದೇ ವಾರದಲ್ಲಿ 4 ಸೆಂಟಿಮೀಟರ್ ಏರಿತ್ತು, ತೂಕ 2 ಕಿಲೋ ಜಾಸ್ತಿ, ಸಂಜೆ ಹೊತ್ತಿಗೆ ಪಾದದ ಮೇಲೆ ಚಪ್ಪಲಿ ಪಟ್ಟಿಯ ಅಚ್ಚು ಬೀಳುತ್ತಿತ್ತು. ಫೋನ್ ಮಾಡಿದರೆ "ರಕ್ತದ ರಿಪೋರ್ಟ್ ಎಲ್ಲಾ ನಾರ್ಮಲ್ ಇದೆಯಲ್ಲ, ಕೊಟ್ಟ ದಿನಕ್ಕೇ ಬನ್ನಿ" ಅಂದರು. ನಮಗೆ ಸಮಾಧಾನ ಆಗಲಿಲ್ಲ, ಹೋಗಿ ಕೂತೇಬಿಟ್ಟೆವು. ಡಾಪ್ಲರ್‌ನಲ್ಲಿ ಸ್ಟೆಂಟ್ ಒಳಗಿನ ಹರಿವಿನ ವೇಗ ಹಳೆಯದಕ್ಕಿಂತ ತುಂಬಾ ಇಳಿದಿತ್ತು. ಕುತ್ತಿಗೆಯ ರಕ್ತನಾಳದಿಂದ ಬಲೂನ್ ಬಿಟ್ಟು ಅಗಲ ಮಾಡಿದರು. ಅಂದು ರಕ್ತವನ್ನೇ ನಂಬಿ ಕೂತಿದ್ದರೆ ಏನಾಗುತ್ತಿತ್ತೋ.

ಹಾಗಂತ ರಕ್ತ ಪರೀಕ್ಷೆ ದಂಡ ಅಂತಲ್ಲ. ಅದಕ್ಕೆ ಬೇರೆ ಕೆಲಸ ಇದೆ. ಸ್ಟೆಂಟ್ ಈಗ ಹೇಗಿದೆ ಅಂತ ಅದು ಹೇಳುವುದಿಲ್ಲ, ಆದರೆ ಇವರ ರಕ್ತ ಯಾಕೆ ಹೆಪ್ಪುಗಟ್ಟುತ್ತದೆ ಅಂತ ಹೇಳುತ್ತದೆ. ಇದರಲ್ಲಿ ಜ್ಯಾಕ್2 ಅನ್ನುವ ಜೀನ್ ಪರೀಕ್ಷೆ ದೊಡ್ಡದು. ಮೂಳೆ ಮಜ್ಜೆ ರಕ್ತಕಣಗಳನ್ನು ಅತಿಯಾಗಿ ಮಾಡುವ ಕಾಯಿಲೆಗಳಿಗೂ ಈ ಜೀನ್‌ನ ದೋಷಕ್ಕೂ ಇರುವ ನಂಟು ಗೊತ್ತಾಗಿದ್ದು 2005ರಲ್ಲಿ. ಬಡ್-ಚಿಯಾರಿಗೆ ಅಂಥ ಕಾಯಿಲೆಗಳೇ ಒಂದು ಮುಖ್ಯ ಕಾರಣ. ಇಲ್ಲೊಂದು ಮೋಸ ಇದೆ. ಲಿವರ್ ಕಾಯಿಲೆಯಲ್ಲಿ ಗುಲ್ಮ, ಅದೇ ಸ್ಪ್ಲೀನ್, ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ಒಳಗೆಳೆದುಕೊಳ್ಳುತ್ತದೆ, ಹಾಗಾಗಿ ಲೆಕ್ಕ ಕಡಿಮೆ ಬರಬೇಕು. ಅಷ್ಟು ಊದಿದ್ದರೂ ಪ್ಲೇಟ್‌ಲೆಟ್ 2.5 ಲಕ್ಷ ಅಂತ ಬಂದರೆ ನಾವು "ಅಬ್ಬಾ, ನಾರ್ಮಲ್" ಅಂದುಕೊಳ್ಳುತ್ತೇವೆ. ರಕ್ತರೋಗದ ಡಾಕ್ಟರ್ ಮಾತ್ರ ಅದನ್ನೇ ನೋಡಿ ಹುಬ್ಬು ಏರಿಸುತ್ತಾರೆ. ನಮ್ಮ ಮನೆಯಲ್ಲಿ ಆಗಿದ್ದು ಹೀಗೇ, ಜ್ಯಾಕ್2 ಪಾಸಿಟಿವ್ ಬಂತು, ಅದಕ್ಕೂ ಸೇರಿಸಿ ಮಾತ್ರೆ ಶುರುವಾಯಿತು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರಾಂಬಿನ್ ಕಡಿಮೆ ಬಂದಿದೆ ಅಂತ ಗಾಬರಿ ಆಗಬೇಡಿ. ಇವನ್ನು ಮುಖ್ಯವಾಗಿ ಮಾಡುವುದೇ ಲಿವರ್. ಲಿವರ್ ಸೊರಗಿದರೆ ಇವೂ ಸೊರಗುತ್ತವೆ, ಮೇಲೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತಗೊಂಡರೆ ಸಿ ಮತ್ತು ಎಸ್ ಇನ್ನೂ ಇಳಿಯುತ್ತವೆ. ಆ ಒಂದು ರಿಪೋರ್ಟ್ ಇಟ್ಟುಕೊಂಡು ಇದು ವಂಶದ ದೋಷ ಅಂತ ಯಾರಾದರೂ ಹೇಳಿದರೆ ಒಮ್ಮೆ ಮತ್ತೆ ಕೇಳಿ.

ಐಎನ್‌ಆರ್ ಕಥೆಯೂ ಹೀಗೇ ಗೋಜಲು. ಮಾತ್ರೆ ಶುರು ಮಾಡುವ ಮುಂಚೆಯೇ ಅದು 1.6 ಇದ್ದರೆ ರಕ್ತ ತೆಳುವಾಗಿಯೇ ಇದೆ ಅಂತ ಅರ್ಥ ಅಲ್ಲ. ಹೆಪ್ಪುಗಟ್ಟಿಸುವ ಅಂಶಗಳನ್ನೂ ಅದನ್ನು ತಡೆಯುವ ಅಂಶಗಳನ್ನೂ ಮುಖ್ಯವಾಗಿ ಲಿವರೇ ಮಾಡುತ್ತದೆ, ಎರಡೂ ಒಟ್ಟಿಗೆ ಇಳಿದಿರುತ್ತವೆ. ವಾರ್ಫರಿನ್‌ಗೆ ಸಾಮಾನ್ಯವಾಗಿ 2ರಿಂದ 3ರ ಗುರಿ ಇಡುತ್ತಾರೆ, ನಿಮ್ಮ ತಮ್ಮನಿಗೆ ಎಷ್ಟು ಅಂತ ಡಾಕ್ಟರ್ ಬಾಯಿಂದಲೇ ಕೇಳಿ ಬರೆದಿಟ್ಟುಕೊಳ್ಳಿ. ಐಎನ್‌ಆರ್ ಕಡಿಮೆ ಬಂತು ಅಂತ ಅಥವಾ ಜಾಸ್ತಿ ಬಂತು ಅಂತ ನೀವೇ ಮಾತ್ರೆ ಬದಲಿಸಬೇಡಿ, ದಯವಿಟ್ಟು.

ಮೆಲ್ಡ್ ಸ್ಕೋರ್ ಅಂತ ಕೇಳಿರುತ್ತೀರಿ. ಬಿಲಿರುಬಿನ್, ಕ್ರಿಯಾಟಿನಿನ್, ಐಎನ್‌ಆರ್ ಸೇರಿಸಿ ಮಾಡುವ ಲೆಕ್ಕ. ಲಿವರ್ ಕಸಿಯ ಸಾಲಿಗೆ ಬಳಸುವ ಈ ಲೆಕ್ಕ ಹುಟ್ಟಿದ್ದೇ ಟಿಪ್ಸ್ ರೋಗಿಗಳಿಗಾಗಿ, 2000ದಲ್ಲಿ. ಆದರೆ ಅದು ಹೇಳುವುದು ಟಿಪ್ಸ್ ಆದ ಮೇಲೆ ಜೀವಕ್ಕೆ ಎಷ್ಟು ಅಪಾಯ ಅಂತ, ಸ್ಟೆಂಟ್ ಮುಚ್ಚುತ್ತದಾ ಅಂತ ಅಲ್ಲ. ವಾರ್ಫರಿನ್ ಮೇಲಿದ್ದರೆ ಐಎನ್‌ಆರ್ ಏರಿ ಸ್ಕೋರ್ ಕೂಡ ಸುಳ್ಳೇ ಉಬ್ಬುತ್ತದೆ. ಬೇರೆ ಬೇರೆ ಬಿಳಿ ರಕ್ತಕಣಗಳ ಅನುಪಾತ, ಮೈಯೊಳಗಿನ ಉರಿಯೂತ ತೋರಿಸುವ ಸಿಆರ್‌ಪಿ ಇವುಗಳ ಮೇಲೂ ಸಂಶೋಧನೆ ನಡೆಯುತ್ತಿದೆ, ಆದರೆ ನೂರಾರು ಜನರ ಸರಾಸರಿಯಲ್ಲಿ ಕಾಣುವ ವ್ಯತ್ಯಾಸವನ್ನು ಒಬ್ಬ ತಮ್ಮನ ಒಂದು ರಿಪೋರ್ಟ್‌ಗೆ ಹಚ್ಚುವುದು ಕಷ್ಟ, ಅಲ್ವಾ?

ಇನ್ನೊಂದು ತೊಂದರೆ ಮಂಕು ಕವಿಯುವುದು. ಕರುಳಿನ ರಕ್ತ ಲಿವರ್ ಸೋಸುವ ಮೊದಲೇ ಸ್ಟೆಂಟ್ ಮೂಲಕ ದಾಟಿಬಿಡುತ್ತದೆ, ಅದರಿಂದ. ಹಾಗೆ ದಾಟಿ ಮೆದುಳಿಗೆ ತೊಂದರೆ ಕೊಡುವ ಅಮೋನಿಯದ ಪರೀಕ್ಷೆ ಇದೆ, ಆದರೆ ಅದೊಂದನ್ನೇ ನೋಡಿ ಯಾರೂ ತೀರ್ಮಾನ ಮಾಡುವುದಿಲ್ಲ. ನಮಗೆ ಮೊದಲು ಗೊತ್ತಾಗಿದ್ದು ಅದೇ ತೂಕದ ನೋಟ್‌ಬುಕ್‌ನಿಂದ. ಇವಳು ದಿನಾ ತಾನೇ ಬರೆಯುತ್ತಿದ್ದಳು, ಮುತ್ತಿನಂಥ ಅಕ್ಷರ. ಒಂದು ಮಂಗಳವಾರ ಅಂಕಿಗಳು ಗೆರೆ ಬಿಟ್ಟು ಕೆಳಗಿಳಿದಿದ್ದವು, ಮರುದಿನ ತಾರೀಕೇ ತಪ್ಪಿತ್ತು. ಆವತ್ತೇ ಆಸ್ಪತ್ರೆಗೆ ಹೋದೆವು.

ಹಾಗಾಗಿ ಡಾಕ್ಟರ್ ಹತ್ತಿರ ಡಿ-ಡೈಮರ್ ಬಗ್ಗೆ ಅಲ್ಲ, ಮುಂದಿನ ಡಾಪ್ಲರ್ ಯಾವಾಗ ಅಂತ ಕೇಳಿ. ಹಳೆಯ ಸ್ಕ್ಯಾನ್‌ನ ವೇಗದ ಅಂಕಿಗಳನ್ನು ಜೊತೆಗೆ ಒಯ್ಯಿರಿ, ಹೋಲಿಸಿ ನೋಡಿದರೇ ಆ ಅಂಕಿಗೆ ಸರಿಯಾದ ಅರ್ಥ ಸಿಗುವುದು. ಕವರ್ ಇರುವ ಸ್ಟೆಂಟ್ ಆದರೆ ಮೊದಲ ಕೆಲವು ದಿನ ಅದರ ಬಟ್ಟೆಯಲ್ಲಿ ಸಿಕ್ಕ ಗಾಳಿಯಿಂದ ಸ್ಕ್ಯಾನ್‌ನಲ್ಲಿ ಸ್ಟೆಂಟ್ ಒಳಗಿನ ಹರಿವು ಸರಿಯಾಗಿ ಕಾಣುವುದಿಲ್ಲ, ಆ ಸಮಯದ ರಿಪೋರ್ಟ್‌ನಲ್ಲಿ "ಕಾಣುತ್ತಿಲ್ಲ" ಅಂತಿದ್ದರೆ ಹೆದರಬೇಡಿ. ಹೊಟ್ಟೆ ಉಬ್ಬುವುದು, ಚಳಿ ಜ್ವರ, ಕಪ್ಪು ಮಲ, ರಕ್ತ ವಾಂತಿ, ಮಾತು ತಡವರಿಸುವುದು, ಇವು ಕಂಡರೆ ಯಾವ ರಿಪೋರ್ಟಿಗೂ ಕಾಯದೆ ಆಸ್ಪತ್ರೆಗೆ ಓಡಿ.

ತಮ್ಮನಿಗೆ ಜ್ಯಾಕ್2 ಮಾಡಿಸಿದ್ದಾರಾ, ಪ್ಲೇಟ್‌ಲೆಟ್ ಎಷ್ಟಿತ್ತು ಅಂತ ಕೆಳಗೆ ಬರೆಯಿರಿ.